ಅಂಕಿಗಳಲ್ಲಿ ಹಾರ ಪೋಣಿಸಿದ ಮಹಾವೀರಾಚಾರ್ಯರು

ಮೊದಲು ಒಂದು ಸಂಖ್ಯೆ ಬರೆದುಕೊಳ್ಳಿ: 12345654321. ಒಂದರಿಂದ ಶುರುವಾಗಿ ಆರರವರೆಗೆ ಮೆಟ್ಟಿಲು ಹತ್ತಿ, ಹತ್ತಿದ ದಾರಿಯಲ್ಲೇ ಇಳಿದು ಮತ್ತೆ ಒಂದಕ್ಕೆ ಬಂದು ನಿಲ್ಲುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಕ್ಷರಗಳಲ್ಲಿ ಕನಕ, ವಿಕಟಕವಿ ಇದ್ದ ಹಾಗೆ. ಪ್ಲೇಸ್‌ಮೆಂಟಿಗೆ ತಯಾರಿ ಮಾಡಿದವರಿಗೆಲ್ಲ ಪ್ಯಾಲಿಂಡ್ರೋಮ್ ಹುಡುಕುವ ಪ್ರೋಗ್ರಾಂ ಬಾಯಿಪಾಠ ಆಗಿರುತ್ತದೆ. ಇದೇ ಸಂಖ್ಯೆಯನ್ನು ಕ್ರಿ.ಶ. 850ರ ಆಸುಪಾಸಿನಲ್ಲಿ ಕನ್ನಡ ನಾಡಿನ ಒಬ್ಬ ಜೈನ ಆಚಾರ್ಯರು, ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಅಂತ ವರ್ಣಿಸಿ ಸಂಸ್ಕೃತ ಶ್ಲೋಕದೊಳಗೆ ಕೂರಿಸಿದ್ದರು. ಅವರೇ ಮಹಾವೀರಾಚಾರ್ಯರು. ತೀರ್ಥಂಕರ ವರ್ಧಮಾನ ಮಹಾವೀರ ಬೇರೆ, ಇವರು ಬೇರೆ. ಇಬ್ಬರ ನಡುವೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷದ ಅಂತರ ಇದೆ.

ಆರ್ಯಭಟ, ಭಾಸ್ಕರ ಅಂದರೆ ನಮಗೆಲ್ಲ ಗೊತ್ತು. ಉಪಗ್ರಹಕ್ಕೂ ಅದೇ ಹೆಸರು, ಕ್ವಿಜ್ ಕಾಂಪಿಟಿಷನ್ನಿನ ತಂಡಕ್ಕೂ ಅದೇ ಹೆಸರು. ಮಹಾವೀರಾಚಾರ್ಯ ಅಂದರೆ ಮಾತ್ರ ಕುಂದಾಪುರದಿಂದ ಬೈಂದೂರಿನವರೆಗೆ ಬಸ್ಸಲ್ಲಿ ಕೂತವರನ್ನೆಲ್ಲ ಕೇಳಿದರೂ ನಾಲ್ಕು ಜನ ತಲೆ ಆಡಿಸುವುದು ಕಷ್ಟ. ಗಣಿತದ ಇತಿಹಾಸ ಬರೆಯುವವರು, ಅಮೆರಿಕದವರಾಗಲಿ ಜಪಾನಿನವರಾಗಲಿ, ಇವರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಅವರ ತಂದೆ ತಾಯಿ ಯಾರು, ಹುಟ್ಟಿದ ಊರು ಯಾವುದು ಅಂತ ಯಾವ ಶಾಸನವೂ ಹೇಳುವುದಿಲ್ಲ. ದಿಗಂಬರ ಜೈನರು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು, ಇಷ್ಟು ಗಟ್ಟಿ. ಇದನ್ನೂ ಅವರ ಪುಸ್ತಕವೇ ಹೇಳಬೇಕು. ಹಾಗಾಗಿ ಅವರ ಬದುಕು ಬರೆಯೋದು ಅಂದರೆ 'ಗಣಿತಸಾರಸಂಗ್ರಹ' ಎಂಬ ಒಂದೇ ಪುಸ್ತಕವನ್ನು ಬಿಚ್ಚಿ, ಇದನ್ನು ಬರೆದ ಮನುಷ್ಯ ಎಂಥವರಿರಬೇಕು ಅಂತ ನೋಡೋದು. ಸಾವಿರದ ನೂರಕ್ಕೂ ಮಿಕ್ಕಿ ಶ್ಲೋಕಗಳ ಪುಸ್ತಕ. ಒಬ್ಬರ ಸ್ವಭಾವ ಗೊತ್ತಾಗೋಕೆ ಅಷ್ಟು ಧಾರಾಳ ಸಾಕು.

ರಾಜಧಾನಿ ಮಾನ್ಯಖೇಟ. ಈಗಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲೂಕು. ಸಿವಿಲ್ ಬ್ರಾಂಚಿನವರಿಗೆ ಆ ಕಡೆಯ ಹೆಸರು ಸಿಮೆಂಟ್ ಚೀಲದ ಮೇಲಿಂದ ಪರಿಚಯ ಇರಬಹುದು. ಅಮೋಘವರ್ಷ ಸಣ್ಣ ವಯಸ್ಸಿನಲ್ಲೇ, 814ರಲ್ಲಿ, ಪಟ್ಟಕ್ಕೆ ಬಂದವನು. ಅರುವತ್ತಕ್ಕೂ ಹೆಚ್ಚು ವರ್ಷ ಆಳಿದ. ಅಪ್ಪ ಮೂರನೇ ಗೋವಿಂದ ಕುದುರೆ ಇಳಿಯದ ದಂಡಯಾತ್ರೆಯ ದೊರೆ. ಮಗನಿಗೆ ಪುಸ್ತಕ, ಪಂಡಿತರು, ಜಿನಧರ್ಮ ಇವೇ ಹೆಚ್ಚು ಹಿಡಿಸಿದವು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಇದೇ ಆಸ್ಥಾನದಲ್ಲಿ ಹುಟ್ಟಿದ್ದು. 'ಆದಿಪುರಾಣ' ಬರೆದ ಜಿನಸೇನಾಚಾರ್ಯರು ದೊರೆಯ ಗುರು. ವ್ಯಾಕರಣದ ಶಾಕಟಾಯನರೂ ಇದೇ ಕಾಲದವರು. ಕಾವ್ಯ, ವ್ಯಾಕರಣ, ಗಣಿತ ಮೂರೂ ಒಂದೇ ಸೂರಿನಡಿ. ಈಗ ನಾವು ಸೈನ್ಸ್, ಆರ್ಟ್ಸ್ ಅಂತ ಪಿಯುಸಿಯಲ್ಲೇ ಗೋಡೆ ಕಟ್ಟಿಕೊಂಡು ಆಚೆ ಈಚೆ ಇಣುಕುವುದಿಲ್ಲ.

ಪುಸ್ತಕದ ಆರಂಭದಲ್ಲಿ ಆಚಾರ್ಯರು ಜಿನನಿಗೆ ನಮಸ್ಕರಿಸುತ್ತಾರೆ. ಆ ನಮಸ್ಕಾರವೂ ಲೆಕ್ಕದ ಮೇಷ್ಟ್ರ ನಮಸ್ಕಾರವೇ: ಸಂಖ್ಯಾಜ್ಞಾನ ಅನ್ನುವ ದೀಪ ಹಿಡಿದು ಜಗತ್ತನ್ನು ಬೆಳಗಿಸಿದವನು ಅಂತ ಜಿನನನ್ನು ಕಾಣುತ್ತಾರೆ. ಆಮೇಲೆ ದೊರೆಯ ಸ್ತುತಿ. ಇವನ ಆಳ್ವಿಕೆಯಲ್ಲಿ ಬೆಳೆಗೆ ಕೀಟದ ಕಾಟ ಇಲ್ಲ, ಅನಾವೃಷ್ಟಿ ಇಲ್ಲ ಅನ್ನುವ ಧಾಟಿಯಲ್ಲಿ. ಅದಾದ ಮೇಲೆ ಗಣಿತದ ಹೊಗಳಿಕೆ, ಅದು ಸ್ವಲ್ಪ ಉದ್ದವೇ ಇದೆ. ವ್ಯಾಪಾರಕ್ಕೆ ಬೇಕು, ಧರ್ಮಕ್ಕೆ ಬೇಕು, ಸಂಗೀತ ನಾಟಕಕ್ಕೆ ಬೇಕು, ಅಡುಗೆಗೆ ಬೇಕು, ವೈದ್ಯಕ್ಕೆ, ಮನೆ ಕಟ್ಟೋಕೆ, ಕೊನೆಗೆ ಪ್ರೇಮಕ್ಕೂ ಬೇಕು ಅಂತ ಪಟ್ಟಿ ಕೊಟ್ಟು, ಮೂರು ಲೋಕದಲ್ಲಿ ಚಲಿಸುವ ಚಲಿಸದ ಯಾವ ವಸ್ತುವೂ ಗಣಿತ ಬಿಟ್ಟು ಇಲ್ಲ ಅಂತ ಮುಗಿಸುತ್ತಾರೆ. ಎಂ-1 ಯಾಕೆ ಓದಬೇಕು ಅಂತ ಫಸ್ಟ್ ಸೆಮ್‌ನಲ್ಲಿ ಕೇಳುವವರಿಗೆ ಉತ್ತರ ಸಿದ್ಧ ಇದೆ.

ಅವರು ಮಾಡಿದ ಒಂದು ದೊಡ್ಡ ಕೆಲಸ ಹೊರಗಿನಿಂದ ಕಾಣಿಸುವುದಿಲ್ಲ. ಆರ್ಯಭಟ, ಬ್ರಹ್ಮಗುಪ್ತ ಇವರಿಗೆಲ್ಲ ಗಣಿತ ಅಂದರೆ ಖಗೋಳಶಾಸ್ತ್ರದ ಪುಸ್ತಕದೊಳಗಿನ ಒಂದೆರಡು ಅಧ್ಯಾಯ. ಗ್ರಹಣ ಯಾವಾಗ, ಗ್ರಹ ಎಲ್ಲಿ ಅಂತ ಹೇಳೋಕೆ ಬೇಕಾದ ಉಪಕರಣ. ಮಹಾವೀರಾಚಾರ್ಯರು ಆಕಾಶವನ್ನು ಅದರ ಪಾಡಿಗೆ ಬಿಟ್ಟು, ಗಣಿತಕ್ಕೆ ಅಂತಲೇ ಒಂದು ಪೂರ್ತಿ ಪುಸ್ತಕ ಬರೆದರು. ಒಂಬತ್ತು ಅಧ್ಯಾಯ. ಪರಿಭಾಷೆ, ಗುಣಾಕಾರ ಭಾಗಾಕಾರ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಮತ್ತು ಚಿನ್ನದ ಬೆರಕೆ ಲೆಕ್ಕ, ಕ್ಷೇತ್ರಫಲ, ಗುಂಡಿ ತೋಡುವ ಲೆಕ್ಕ, ನೆರಳಿನ ಲೆಕ್ಕ, ಹೀಗೆ. ಮೊದಲ ಅಧ್ಯಾಯದಲ್ಲೇ ಅಳತೆಗಳ ಪಟ್ಟಿ: ದವಸಕ್ಕೆ ಕುಡುಬ, ಪ್ರಸ್ಥ, ಆಢಕ, ದ್ರೋಣ. ನಮ್ಮ ಬದಿಯ ಹಿರಿಯರು ಸೇರು, ಕಳಸಿಗೆ, ಮುಡಿ ಅಂತ ಅಕ್ಕಿ ಅಳೆದ ಹಾಗೆಯೇ ಅದು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಇದು ಸಂಶೋಧನಾ ಪ್ರಬಂಧ ಅಲ್ಲ, ಟೆಕ್ಸ್ಟ್ ಬುಕ್. ಓದುವ ಹುಡುಗನ ಮುಖ ನೋಡಿಕೊಂಡು ಬರೆದದ್ದು.

ಈಗ ದೊಡ್ಡ ಸಂಖ್ಯೆಗಳ ವಿಷಯ. ಆಚಾರ್ಯರು 24 ಸ್ಥಾನಗಳಿಗೆ ಹೆಸರು ಕೊಡುತ್ತಾರೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಕೊನೆಯದು ಒಂದರ ಮುಂದೆ 23 ಸೊನ್ನೆ. ಕೆಮಿಸ್ಟ್ರಿ ಸೈಕಲ್ ಇದ್ದವರು ನೆನಪಿಸಿಕೊಳ್ಳಿ: ಅವೊಗಾಡ್ರೊ ಸಂಖ್ಯೆ ಅಂದರೆ 6.022 ಮಹಾಕ್ಷೋಭ. ಒಂದು ಮೋಲ್ ನೀರಿನಲ್ಲಿ ಆರು ಮಹಾಕ್ಷೋಭ ಚಿಲ್ಲರೆ ಅಣುಗಳು, ಅಂದರೆ ಬರೀ 18 ಗ್ರಾಂ ನೀರಿನಲ್ಲಿ. ಸಿ ಭಾಷೆಯ ಲಾಂಗ್ ಲಾಂಗ್ ಇಂಟ್ 64 ಬಿಟ್ ಆದರೆ ಹಿಡಿಯುವ ಅತಿ ದೊಡ್ಡ ಸಂಖ್ಯೆ ಸುಮಾರು 9.2 ಶಂಖ ಅಷ್ಟೇ. ಕ್ಷಿತಿ, ಕ್ಷೋಭಗಳ ಮಾತು ಬಂದರೆ ಅದೂ ಕೈ ಎತ್ತುತ್ತದೆ.

ಇಷ್ಟು ದೊಡ್ಡ ಸಂಖ್ಯೆಯ ಹುಚ್ಚು ಯಾಕೆ? ರಾಜನ ಖಜಾನೆ ಎಣಿಸೋಕೆ ಅಂತೂ ಅಲ್ಲ. ಜೈನರಿಗೆ ಸಂಖ್ಯೆ ಅಂದರೆ ತತ್ತ್ವಶಾಸ್ತ್ರದ ಭಾಗ. ಲೋಕ ಎಷ್ಟು ದೊಡ್ಡದು, ಕಾಲ ಎಷ್ಟು ಉದ್ದ, ಕರ್ಮದ ಕಣಗಳು ಎಷ್ಟು ಅಂತ ಅವರು ನಿಜವಾಗಿ ಎಣಿಸೋಕೆ ಹೊರಟವರು. ಅದಕ್ಕೇ ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಅಂತ ಮೂರು ಬಗೆ ಮಾಡಿ, ಪ್ರತಿಯೊಂದನ್ನೂ ಮತ್ತೆ ಒಡೆದಿಟ್ಟರು. ಎಣಿಸಲಾಗದ್ದು ಬೇರೆ, ಕೊನೆಯೇ ಇಲ್ಲದ್ದು ಬೇರೆ ಅನ್ನುವ ಸೂಕ್ಷ್ಮ ಅವರಿಗೆ ಇತ್ತು. ಜಿನಸೇನರ ಗುರು ವೀರಸೇನಾಚಾರ್ಯರ 'ಧವಲಾ' ಟೀಕೆಯಲ್ಲಿ ಅರ್ಧಚ್ಛೇದ ಎಂಬ ಮಾತು ಬರುತ್ತದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅನ್ನೋದರ ಎಣಿಕೆ. ಬೈನರಿ ಸರ್ಚ್ ಓದಿದವರು ಇದನ್ನು ಎರಡರ ಲಾಗರಿದಮ್ ಅಂತ ಗುರುತು ಹಿಡಿಯುತ್ತಾರೆ. ಈ ಗಾಳಿಯಲ್ಲಿ ಉಸಿರಾಡಿದವರಿಗೆ ಮಹಾಕ್ಷೋಭ ಏನು ಮಹಾ.

ಆದರೆ ನನಗೆ ಆಚಾರ್ಯರು ಇಷ್ಟವಾಗುವುದು ಹೆಸರಿನ ಪಟ್ಟಿಯಿಂದಲ್ಲ, ಗುಣಾಕಾರದ ಲೆಕ್ಕಗಳಿಂದ. ಗುಣಾಕಾರ ಕಲಿಸೋಕೆ ಯಾವುದಾದರೂ ಎರಡು ಸಂಖ್ಯೆ ಕೊಟ್ಟರೆ ಸಾಕಾಗಿತ್ತು. ಇವರು ಕೊಟ್ಟದ್ದು ಇಂಥವು:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
11011011 × 91 = 1002002001
333333666667 × 33 = 11000011000011
27994681 × 441 = 12345654321

ಉತ್ತರಗಳನ್ನೆಲ್ಲ ಹಿಂದಿನಿಂದ ಓದಿ ನೋಡಿ. ಒಂದೊಂದೂ ಹಾರ. ಆಚಾರ್ಯರೇ ಅವನ್ನು ಕೊರಳ ಹಾರ ಅಂತ ಕರೆಯುತ್ತಾರೆ. ಒಂಬತ್ತು ಒಂದುಗಳು ಸಾಲಾಗಿ ಬರುವ ಹಾರ ದೊರೆಯ ಕೊರಳಿಗೆ. ಸೊನ್ನೆಗಳು ನಡುವೆ ಬಂದಾಗ ದೂರ ದೂರ ಪೋಣಿಸಿದ ಮಣಿಗಳ ಹಾಗೆ ಕಾಣುತ್ತವೆ. ಪೆನ್ನು ಹಿಡಿದು ದೊಡ್ಡ ಗುಣಾಕಾರ ಮಾಡುತ್ತಾ ಬೆವರು ಒರೆಸಿಕೊಳ್ಳುವ ಹುಡುಗನಿಗೆ ಕೊನೆಯ ಸಾಲಿನಲ್ಲಿ ಒಂದು ಉಡುಗೊರೆ. ಹ್ವಾಯ್, ನಮ್ಮ ಟ್ಯೂಷನ್ನಿನಲ್ಲಿ ಯಾರಾದರೂ ಹೀಗೆ ಲೆಕ್ಕ ಕೊಟ್ಟಿದ್ದಿದ್ದರೆ!

ಇದಕ್ಕೆ ಒಂದು ಪ್ರಯೋಜನವೂ ಇದೆ ಅಂತ ನನ್ನ ಊಹೆ. ಆಗ ಸಂಖ್ಯೆಯನ್ನು ಪದಗಳಲ್ಲಿ ಹೇಳುತ್ತಿದ್ದರು. ಚಂದ್ರ ಅಂದರೆ 1, ಕಣ್ಣು ಅಂದರೆ 2, ರತ್ನ ಅಂದರೆ 3 (ಜೈನರ ರತ್ನತ್ರಯ), ತತ್ತ್ವ 7, ಕರ್ಮ 8. ಅದೂ ಬಿಡಿ ಸ್ಥಾನದಿಂದ ಶುರು ಮಾಡಿ ಎಡಕ್ಕೆ ಹೋಗುತ್ತಾ. ಓಲೆಗರಿಯಲ್ಲಿ ಪ್ರತಿ ಮಾಡುವವನು ಒಂದು ಪದ ತಪ್ಪಿದರೆ ಸಂಖ್ಯೆಯೇ ಕೆಡುತ್ತದೆ. ಆದರೆ ಉತ್ತರ ಹಾರವಾಗಿರಬೇಕು ಅಂತ ಗೊತ್ತಿದ್ದರೆ, ತಪ್ಪು ಆಗಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ನಾವು ಈಗ ಚೆಕ್‌ಸಮ್ ಅನ್ನುತ್ತೇವಲ್ಲ, ಆ ಕೆಲಸ.

ಇನ್ನು, ಇವು ಆಕಸ್ಮಿಕವಾಗಿ ಸಿಕ್ಕಿದವಲ್ಲ. 152207 ಅನ್ನುವ ಒರಟು ಸಂಖ್ಯೆಯನ್ನೂ 73ನ್ನೂ ಯಾರೂ ಸುಮ್ಮನೆ ಜೋಡಿಸುವುದಿಲ್ಲ. ಎಂಟು ಒಂದುಗಳ ಸಂಖ್ಯೆಯನ್ನು ಒಡೆದರೆ 11, 73, 101, 137 ಸಿಗುತ್ತವೆ. 73ನ್ನು ಪಕ್ಕಕ್ಕಿಟ್ಟು ಉಳಿದ ಮೂರನ್ನು ಗುಣಿಸಿದರೆ 152207. ಅಂದರೆ ಆಚಾರ್ಯರು ಮೊದಲು ಹಾರವನ್ನು ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ಬಿಡಿಸಿ, ಎರಡು ತುಂಡು ಮಾಡಿ ನಮಗೆ ಪೋಣಿಸೋಕೆ ಕೊಟ್ಟಿರಬೇಕು. ಕ್ಯಾಲ್ಕುಲೇಟರ್ ಇಲ್ಲದೆ ಅಪವರ್ತನ ಮಾಡೋದು ಎಷ್ಟು ಹೊತ್ತಿನ ಕೆಲಸ ಅಂತ ಒಮ್ಮೆ 10001ನ್ನು ಕೈಯಲ್ಲಿ ಒಡೆಯೋಕೆ ಕೂತು ನೋಡಿ. ಕೊನೆಗೆ 73 × 137 ಸಿಗುವ ಹೊತ್ತಿಗೆ ಹಾಸ್ಟೆಲ್ ಮೆಸ್ ಮುಚ್ಚಿರುತ್ತದೆ.

ನಾವು ಶುರು ಮಾಡಿದ 12345654321ಕ್ಕೆ ಬರೋಣ. ಇದು ಆರು ಒಂದುಗಳ ವರ್ಗ: 111111 × 111111. ಆ 111111 ಎಂದರೆ 3 × 7 × 11 × 13 × 37. ಹಾಗಾಗಿ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳು ಎರಡೆರಡು ಸಲ ಇವೆ, ಭಾಜಕಗಳು ಒಟ್ಟು 243. ಆಚಾರ್ಯರು ಕೊಟ್ಟ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. ಐದು ಅವಿಭಾಜ್ಯಗಳಲ್ಲಿ 3 ಮತ್ತು 7 ಒಂದು ಕಡೆ, 11, 13, 37 ಇನ್ನೊಂದು ಕಡೆ. ಎಷ್ಟು ಅಚ್ಚುಕಟ್ಟು ನೋಡಿ.

ಇವತ್ತಿನ ವರ್ಗೀಕರಣದಲ್ಲಿ ಇದನ್ನು ಎಲ್ಲಿ ಇಡೋದು? (ಇದು ಆಚಾರ್ಯರ ಕಾಲದ ಮಾತಲ್ಲ, ನಮ್ಮ ಕಾಲದ್ದು.) ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ 13029870672 ಬರುತ್ತದೆ, ಸಂಖ್ಯೆಗಿಂತ ಜಾಸ್ತಿ. ಇಂಥದ್ದಕ್ಕೆ ಅಬಂಡೆಂಟ್ ಸಂಖ್ಯೆ ಅಂತ ಹೆಸರು. ಸಮ ಸಂಖ್ಯೆಗಳಲ್ಲಿ ಇವು ಧಾರಾಳ, 12ರಿಂದಲೇ ಶುರು; ಬೆಸ ಸಂಖ್ಯೆಗಳಲ್ಲಿ ಕಡಿಮೆ, ಮೊದಲನೆಯದು ಸಿಗೋಕೆ 945ರವರೆಗೆ ಕಾಯಬೇಕು. ಅಂಕಿಗಳ ಮೊತ್ತ 36. ಆ ಮೊತ್ತದಿಂದ ನಿಶ್ಶೇಷವಾಗಿ ಭಾಗ ಹೋಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಅಂತ ಹೆಸರಿಟ್ಟವರು ನಾಸಿಕದ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್ (1905–1986). ನಮ್ಮದು ಬೆಸ, 36 ಸಮ, ಹಾಗಾಗಿ ಹರ್ಷದ ಅಲ್ಲ. ಆದರೆ 1, 121, 12321 ಹೀಗೆ ಬರುವ ಕುಟುಂಬಕ್ಕೆ ಡೆಮ್ಲೊ ಸಂಖ್ಯೆ ಅಂತ ಹೆಸರು ಕೊಟ್ಟವರೂ ಇದೇ ಕಾಪ್ರೇಕರ್. ಡೆಮ್ಲೊ ಅಂದರೆ ಮುಂಬೈ ಹತ್ತಿರದ ಒಂದು ರೈಲ್ವೆ ಸ್ಟೇಷನ್ನಿನ ಹೆಸರಂತೆ. ನಮ್ಮ ಸಂಖ್ಯೆ ಆ ಕುಟುಂಬದ ಆರನೆಯ ಕೂಸು. ಮಾನ್ಯಖೇಟದ ದೊರೆಯ ಕೊರಳ ಹಾರಕ್ಕೆ ಸಾವಿರದ ನೂರು ವರ್ಷದ ಮೇಲೆ ರೈಲು ಸ್ಟೇಷನ್ನಿನ ಹೆಸರು ಬಿತ್ತು.

ಲ್ಯಾಬಿನಲ್ಲಿ ಇದನ್ನು 32 ಬಿಟ್ಟಿನ ಸಾದಾ ಇಂಟ್‌ಗೆ ಹಾಕಿ ಪ್ರಿಂಟ್ ಮಾಡಿದರೆ ಸಾಮಾನ್ಯವಾಗಿ −539247567 ಅಂತ ಬರುತ್ತದೆ. ಹಾರ ಹರಿದು ಮಣಿ ಚೆಲ್ಲಿದ ಹಾಗೆ.

ಹಾರ ಹರಿಯುವ ಲೆಕ್ಕವೂ ಪುಸ್ತಕದಲ್ಲಿ ಇದೆ. ಗಂಡ ಹೆಂಡತಿಯ ಪ್ರಣಯ ಕಲಹದಲ್ಲಿ ಮುತ್ತಿನ ಹಾರ ಹರಿಯಿತು. ಮೂರನೇ ಒಂದು ಪಾಲು ದಾಸಿಯ ಕಡೆ ಹೋಯಿತು, ಆರನೇ ಒಂದು ಪಾಲು ಹಾಸಿಗೆ ಮೇಲೆ ಬಿತ್ತು, ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಿ, ಕೊನೆಗೆ ದಾರದಲ್ಲಿ 1161 ಮುತ್ತು ಉಳಿದವು. ಒಟ್ಟು ಎಷ್ಟಿದ್ದವು? ಮೊದಲೆರಡು ಪಾಲು ಸೇರಿ ಅರ್ಧ, ಅಲ್ಲಿಂದ ಆರು ಸಲ ಅರ್ಧ, ಒಟ್ಟು ಏಳು ಸಲ. 1161ನ್ನು 128ರಿಂದ ಗುಣಿಸಿದರೆ 148608. ಒಂದೂವರೆ ಲಕ್ಷಕ್ಕೆ ಹತ್ತಿರದ ಮುತ್ತು ಹೊತ್ತ ಆ ಹೆಂಗಸಿನ ಕುತ್ತಿಗೆಯ ಗತಿ ಏನು ಅಂತ ಆಚಾರ್ಯರು ಯೋಚಿಸಿದ ಹಾಗಿಲ್ಲ. ಸಂಸಾರ ಬಿಟ್ಟ ಮುನಿಗಳ ಪರಂಪರೆಯವರು ಇಷ್ಟು ರಸಿಕವಾಗಿ ಲೆಕ್ಕ ಕಟ್ಟಿದ್ದು ನೋಡಿದರೆ, ಅವರ ಪಾಠದಲ್ಲಿ ಯಾರೂ ತೂಕಡಿಸಿರಲಿಕ್ಕಿಲ್ಲ.

ಸಿಲೆಬಸ್ಸಿನಲ್ಲಿ ನಾವು ಓದುವ ಕೆಲವಕ್ಕೂ ಇವರ ಹೆಸರು ಅಂಟಿಕೊಂಡಿದೆ. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ರೀತಿ ಆರಿಸಬಹುದು ಅನ್ನೋದಕ್ಕೆ ಸಾಮಾನ್ಯ ಸೂತ್ರವನ್ನು ಆರು ರಸಗಳ ಉದಾಹರಣೆ ಕೊಟ್ಟು ಹೇಳಿದವರು ಇವರು. ಮೇಲೆ ಇಳಿಯುವ ಸಂಖ್ಯೆಗಳ ಗುಣಲಬ್ಧ, ಕೆಳಗೆ ಒಂದರಿಂದ ಏರುವ ಸಂಖ್ಯೆಗಳ ಗುಣಲಬ್ಧ. ನಮ್ಮ ಎನ್‌ಸಿಆರ್ ಅದೇ. ಯುರೋಪಿನಲ್ಲಿ ಇದನ್ನು ಫ್ರಾನ್ಸಿನ ಎರಿಗೊನ್ 1634ರಲ್ಲಿ ಬರೆದ. ದೀರ್ಘವೃತ್ತದ ಸುತ್ತಳತೆಗೆ ಒಂದು ಅಂದಾಜು ಸೂತ್ರವನ್ನೂ ಕೊಟ್ಟರು: ದೊಡ್ಡ ಅರ್ಧಾಕ್ಷದ ವರ್ಗದ 16 ಪಟ್ಟು, ಸಣ್ಣದರ ವರ್ಗದ 24 ಪಟ್ಟು, ಕೂಡಿಸಿ ವರ್ಗಮೂಲ ತೆಗೆ. ಸಣ್ಣ ಅಕ್ಷ ಸೊನ್ನೆ ಆದರೆ ಉತ್ತರ ಸರಿಯಾಗಿ ದೊಡ್ಡ ಅರ್ಧಾಕ್ಷದ ನಾಲ್ಕು ಪಟ್ಟು. ಎರಡೂ ಸಮ ಆದರೆ ಪೈ ಬದಲು ಹತ್ತರ ವರ್ಗಮೂಲ ಇಟ್ಟ ವೃತ್ತ. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲ ಇಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದರು. ಎಲೆಕ್ಟ್ರಿಕಲ್‌ನವರು ಬೇಸರ ಮಾಡಿಕೊಳ್ಳಬಾರದು, ನಿಮ್ಮ ಜೆ ಬರೋಕೆ ಇನ್ನೂ ಏಳುನೂರು ವರ್ಷ ಇತ್ತು.

ತಪ್ಪೂ ಮಾಡಿದರು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಅಂದದ್ದು ಸರಿ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದದ್ದು ಸರಿಯಲ್ಲ. ಹಂಚುವವರೇ ಇಲ್ಲದಿದ್ದರೆ ರಾಶಿ ಇದ್ದಲ್ಲೇ ಇರುತ್ತದೆ ಅಂತ ಯೋಚಿಸಿದ್ದರೋ ಏನೋ. ಇದನ್ನು ಮುಚ್ಚಿಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಅನ್ನುವ ವಾಟ್ಸ್ಯಾಪ್ ಫಾರ್ವರ್ಡ್‌ಗಳಿಗಿಂತ, ಸೊನ್ನೆಯ ಎದುರು ಎಡವಿಯೂ ಎನ್‌ಸಿಆರ್ ಕಂಡುಹಿಡಿದ ಈ ನಿಜವಾದ ಮನುಷ್ಯ ದೊಡ್ಡವರು.

ಅಮೋಘವರ್ಷನ ನಂತರ ನೂರು ವರ್ಷ ಆಗುವಷ್ಟರಲ್ಲಿ ರಾಷ್ಟ್ರಕೂಟರ ಸಾಮ್ರಾಜ್ಯ ಮುಗಿಯಿತು, ಮಾನ್ಯಖೇಟ ಸೂರೆ ಹೋಯಿತು. ಪುಸ್ತಕ ಉಳಿಯಿತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ರಾಜಾದಿತ್ಯ ಹನ್ನೆರಡನೇ ಶತಮಾನದಲ್ಲಿ 'ವ್ಯವಹಾರಗಣಿತ' ಬರೆದು ಅದೇ ದಾರಿಯಲ್ಲಿ ನಡೆದ. ವಲ್ಲಭ ಎಂಬ ಪಂಡಿತ ಕನ್ನಡದಲ್ಲಿ ಟೀಕೆ ಬರೆದ. ಆಮೇಲೆ ಬಸದಿ, ಮಠಗಳ ಓಲೆಗರಿ ಕಟ್ಟುಗಳಲ್ಲಿ ಅದು ಮಲಗಿತು. ನಮ್ಮ ಕರಾವಳಿಯ ಮಳೆ, ತೇವ, ಗೆದ್ದಲು ಗೊತ್ತಲ್ಲ. ಬ್ರಹ್ಮಾವರದಿಂದ ನಾಲ್ಕು ಹೆಜ್ಜೆ ಹೋದರೆ ಬಾರ್ಕೂರಿನ ಕತ್ತಲೆ ಬಸದಿ, ಕಲ್ಲೇ ಅಷ್ಟು ಸವೆದಿದೆ, ಓಲೆಯ ಪಾಡು ಹೇಳುವುದೇ ಬೇಡ. ಯಾರೋ ಪ್ರತಿ ತಲೆಮಾರಿನಲ್ಲೂ ಕೂತು ಹಳೇ ಗರಿ ನೋಡಿ ಹೊಸ ಗರಿಗೆ ಕೊರೆಯದೇ ಹೋಗಿದ್ದರೆ ಆ ಹಾರಗಳು ಒಂದೂ ಉಳಿಯುತ್ತಿರಲಿಲ್ಲ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರೊಫೆಸರ್ ಎಂ. ರಂಗಾಚಾರ್ಯರು ಪ್ರತಿಗಳನ್ನು ಹುಡುಕೋಕೆ ಹೊರಟರು. ಮದ್ರಾಸಿನ ಸರಕಾರಿ ಹಸ್ತಪ್ರತಿ ಭಂಡಾರದಲ್ಲಿ ಸಿಕ್ಕಿತು, ಮೈಸೂರಿನಲ್ಲಿ ಸಿಕ್ಕಿತು, ಮತ್ತೊಂದು ನಮ್ಮ ತೆಂಕಣ ಮೂಡುಬಿದಿರೆಯ ಜೈನ ಮಠದ ಓಲೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿದ್ದು. ಮೂಡುಬಿದಿರೆಯದು ಇಡೀ ಪುಸ್ತಕ ಇದ್ದ ಪ್ರತಿ. 'ಧವಲಾ' ಉಳಿದದ್ದೂ ಅದೇ ಊರಿನಲ್ಲಿ. ಇಂಗ್ಲಿಷ್ ಅನುವಾದದ ಜೊತೆ ಪುಸ್ತಕ 1912ರಲ್ಲಿ ಮದ್ರಾಸ್ ಸರಕಾರದಿಂದ ಅಚ್ಚಾಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಯೂಜೀನ್ ಸ್ಮಿತ್ ಮುನ್ನುಡಿ ಬರೆದರು. ಅದಕ್ಕೂ ಮೊದಲೇ 1908ರಲ್ಲಿ ರೋಮ್ ನಗರದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಈ ಪುಸ್ತಕದ ಸುದ್ದಿ ಹೇಳಿದ್ದರು. 1963ರಲ್ಲಿ ಹಿಂದಿಗೆ ಹೋಯಿತು.

ಕನ್ನಡ ಅನುವಾದ ಅಚ್ಚಾಗೋಕೆ 2000ನೇ ಇಸವಿ ಬಂತು. ಅನುವಾದಿಸಿ ಟಿಪ್ಪಣಿ ಬರೆದವರು ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರು, ಪ್ರಕಟಿಸಿದ್ದು ಹೊಂಬುಜ. ಹೊಂಬುಜ ಅಂದರೆ ದೂರ ಏನಲ್ಲ: ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ, ಬಾಳೆಬರೆ ಘಾಟಿ ಹತ್ತಿ ಹೊಸನಗರದ ಕಡೆ ತಿರುಗಿದರೆ ಸಿಗುವ ಊರು. ಆ ಪುಸ್ತಕದಲ್ಲಿ ಸಂಸ್ಕೃತ ಶ್ಲೋಕದ ಜೊತೆಗೇ ಕನ್ನಡ ಇದೆ, ಹಾರದ ಲೆಕ್ಕಗಳು ಎರಡನೇ ಅಧ್ಯಾಯದಲ್ಲಿ, ಗುಣಾಕಾರದ ಭಾಗದಲ್ಲಿ ಸಿಗುತ್ತವೆ.